ಕಡೇ ದಿನ ಬಂತು ಅಂತ ತೋಟ ಬಿಡಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಅಂತ್ಯಕಾಲ, ಮೃಗದ ಗುರುತು, ಕರ್ತನ ಬರೋಣದ, ಅಂದರೆ ಯೇಸು ಮರಳಿ ಬರುವ ತಾರೀಖು. ಮೊದಲನೇ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಟೀಚರ್, ನಮಸ್ತೆ. ಹೊಸನಗರದ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ನಮ್ಮ ಮನೆಯವರು ಒಳ್ಳೆಯವರು, ಕುಡಿತ ಗಿಡಿತ ಏನಿಲ್ಲ. ಒಂದು ವರ್ಷದಿಂದ ಮೊಬೈಲಿನಲ್ಲಿ ಒಬ್ಬ ಬೋಧಕರ ವಿಡಿಯೋ ನೋಡುತ್ತಿದ್ದಾರೆ. ಈ ವರ್ಷ ಮುಗಿಯುವುದರೊಳಗೆ ಕರ್ತನು ಬರುತ್ತಾನೆ ಅಂತ ಅವರು ಬೈಬಲಿನಿಂದಲೇ ಲೆಕ್ಕ ಹಾಕಿ ತೋರಿಸಿದ್ದಾರಂತೆ. ಈ ಮಳೆಗಾಲ ಎರಡನೇ ಸಲದ ಔಷಧಿ ಹೊಡೆಸಲಿಲ್ಲ, ಕೊಳೆ ಬಂದು ಕಾಯಿ ಉದುರುತ್ತಿದೆ. ಸೊಸೈಟಿ ಸಾಲ ಕಟ್ಟುವುದು ಬೇಡ, ಮಗಳ ಪಿಯುಸಿ ಫೀಸೂ ಬೇಡ ಅನ್ನುತ್ತಾರೆ. ಎದುರು ಮಾತಾಡಿದರೆ ನಿನಗೆ ವಿಶ್ವಾಸ ಇಲ್ಲ ಅಂತಾರೆ. ನಾನು ವಿಶ್ವಾಸ ಇಲ್ಲದವಳಾ?

ಉತ್ತರ: ಇಲ್ಲಮ್ಮ, ಅಲ್ಲವೇ ಅಲ್ಲ. ಮೊದಲು ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಉದುರುತ್ತಿರುವ ಕಾಯಿ ನೋಡಿ ನಿಮ್ಮ ಹೊಟ್ಟೆ ಉರಿಯುತ್ತಿದೆಯಲ್ಲ, ಅದು ಅವಿಶ್ವಾಸ ಅಲ್ಲ.

ನಿಮ್ಮ ಮನೆಯಲ್ಲಿ ಆಗುತ್ತಿರುವುದು ಬೈಬಲಿನಲ್ಲೇ ಇದೆ. ಥೆಸಲೋನಿಕ ಅನ್ನುವ ಊರಿನ ಸಭೆಗೆ, ಅಂದರೆ ಅಲ್ಲಿನ ಚರ್ಚಿನವರಿಗೆ, ಯೇಸುವಿನ ಅಪೊಸ್ತಲ ಪೌಲನು ಬರೆದ ಎರಡನೇ ಪತ್ರ ತೆಗೆಯಿರಿ, ಮೂರೇ ಅಧ್ಯಾಯ. ಕರ್ತನ ದಿನ ಬಂದೇಬಿಟ್ಟಿತು ಅಂತ ಯಾರು ಹೇಳಿದರೂ, ನಾನೇ ಬರೆದೆ ಅಂತ ಪತ್ರ ತಂದು ತೋರಿಸಿದರೂ ಗಾಬರಿ ಬೀಳಬೇಡಿ ಅಂತ ಎರಡನೇ ಅಧ್ಯಾಯದಲ್ಲಿ ಹೇಳುತ್ತಾನೆ. ಮೂರನೆಯದರಲ್ಲಿ, ನಿಮ್ಮಲ್ಲಿ ಕೆಲವರು ಕೆಲಸ ಬಿಟ್ಟು ಸುಮ್ನೆ ತಿರುಗುತ್ತಿದ್ದಾರಂತೆ, ದುಡಿಯಲು ಮನಸ್ಸಿಲ್ಲದವನು ಉಣ್ಣಲೂ ಬಾರದು ಅಂತ ಖಡಕ್ಕಾಗಿ ಬರೆಯುತ್ತಾನೆ.

ಇನ್ನು ಆ ಲೆಕ್ಕದ ವಿಷಯ. ಈ ಲೆಕ್ಕ ಹೊಸದಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅಂತ ಒಬ್ಬ ರೈತ ಇದ್ದ, ಬ್ಯಾಪ್ಟಿಸ್ಟ್ ಸಭೆಯ ಬೋಧಕನೂ ಹೌದು. ಪ್ರಾಮಾಣಿಕ ಮನುಷ್ಯ. ದಾನಿಯೇಲನ ಪುಸ್ತಕದ 8ನೇ ಅಧ್ಯಾಯದಲ್ಲಿ 2300 ದಿನ ಅಂತ ಬರುತ್ತದೆ. ಒಂದು ದಿನಕ್ಕೆ ಒಂದು ವರ್ಷ ಅಂತ ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, 1843ರ ಆಸುಪಾಸಿನಲ್ಲಿ ಕ್ರಿಸ್ತನು ಬರುತ್ತಾನೆ ಅಂದ. ಬರಲಿಲ್ಲ. ಲೆಕ್ಕ ತಿದ್ದಿ ಕಡೆಗೆ 1844ರ ಅಕ್ಟೋಬರ್ 22 ಅಂತ ದಿನ ಗೊತ್ತು ಮಾಡಿದರು. ಸಾವಿರಾರು ಜನ ನಂಬಿದರು. ಕೆಲವು ರೈತರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟರು. ಆ ದಿನ ಬಂತು, ರಾತ್ರಿಯೂ ಕಳೆಯಿತು, ಬೆಳಗಾಯಿತು. ಅವರ ಅಳುವಿಗೆ ಇತಿಹಾಸದಲ್ಲಿ ಮಹಾ ನಿರಾಶೆ ಅಂತಲೇ ಹೆಸರಿದೆ. ಆಮೇಲೂ ಇದು ನಿಲ್ಲಲಿಲ್ಲ. 1948ರಲ್ಲಿ ಇಸ್ರೇಲ್ ದೇಶವಾಯಿತು, ಒಂದು ತಲೆಮಾರಿಗೆ 40 ವರ್ಷ, ಹಾಗಾಗಿ 1988 ಅಂದರು. ಹೆರಾಲ್ಡ್ ಕ್ಯಾಂಪಿಂಗ್ ಅನ್ನುವ ರೇಡಿಯೋ ಬೋಧಕರು 2011ರ ಮೇ 21 ಅಂದರು, ಅದು ತಪ್ಪಿದ ಮೇಲೆ ಅಕ್ಟೋಬರ್ 21 ಅಂದರು. ಅವರನ್ನು ನಂಬಿ ಕೂಡಿಟ್ಟ ಹಣವನ್ನೆಲ್ಲ ಪ್ರಚಾರಕ್ಕೆ ಸುರಿದವರಿದ್ದರು. ಲೆಕ್ಕ ಹೇಳಿದವರಲ್ಲಿ ಯಾರೂ ಆ ಮನೆಗಳ ಸಾಲ ತೀರಿಸಲಿಲ್ಲ ಅನ್ನುವುದನ್ನು ಯೋಚಿಸಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಯೇಸು ಏನಂದ? ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ಗೊತ್ತಿಲ್ಲ, ದೇವದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು. ಮತ್ತಾಯ 24ನೇ ಅಧ್ಯಾಯ, 36ನೇ ವಚನ. ತನಗೇ ಗೊತ್ತಿಲ್ಲ ಅಂತ ಮಗನಾದ ಯೇಸುವೇ ಹೇಳಿದ ಮೇಲೆ ಮೊಬೈಲಿನಲ್ಲಿ ಬರುವ ಬೋಧಕರಿಗೆ ಗೊತ್ತಾಗಿದ್ದು ಎಲ್ಲಿಂದ?

ನಿಮ್ಮ ಮನೆಯವರ ಹತ್ತಿರ ವಚನಕ್ಕೆ ವಚನ ಹಾಕಿ ಜಗಳಕ್ಕೆ ನಿಲ್ಲಬೇಡಿ. ರಾತ್ರಿ ಪ್ರಾರ್ಥನೆ ಹೊತ್ತಿಗೆ, ರೀ, ಇವತ್ತು ಮತ್ತಾಯ 24 ಪೂರ್ತಿ ಓದೋಣ, ನಿಲ್ಲಿಸದೆ 25ನ್ನೂ ಓದೋಣ ಅಂತ ಕೇಳಿ. ವಿಡಿಯೋದವರು ಸಾಮಾನ್ಯವಾಗಿ ಭೂಕಂಪ, ಯುದ್ಧ ಅನ್ನುವ ಕಡೆ ನಿಲ್ಲಿಸಿಬಿಡುತ್ತಾರೆ. ಆದರೆ 24ರ ಕೊನೆಯಲ್ಲಿ ಯಜಮಾನ ಬಂದಾಗ ಧನ್ಯನಾಗುವ ಆಳು ಯಾರು ನೋಡಿ. ಮನೆಯವರಿಗೆ ಹೊತ್ತು ಹೊತ್ತಿಗೆ ಊಟ ಕೊಡುತ್ತಿದ್ದವನು. 25ರಲ್ಲಿ ಬೈಸಿಕೊಳ್ಳುವವನು ಯಾರು? ಕೊಟ್ಟ ಹಣವನ್ನು ಮಣ್ಣಲ್ಲಿ ಹೂತಿಟ್ಟು ಕೂತವನು.

ಇನ್ನೊಂದು, ಯೆರೆಮೀಯನ ಪುಸ್ತಕ 29ನೇ ಅಧ್ಯಾಯ. ಬಾಬೆಲಿಗೆ ಸೆರೆಹೋದ ಯೆಹೂದಿ ಜನಕ್ಕೆ ಬರೆದ ಪತ್ರ ಅದು. ಇನ್ನೇನು ಎರಡೇ ವರ್ಷ, ಎಲ್ಲ ಮುಗಿಯುತ್ತೆ ಅಂತ ಆಗಲೂ ಒಬ್ಬ ಪ್ರವಾದಿ ಹೇಳುತ್ತಿದ್ದ, ಅವನ ಕಥೆ 28ರಲ್ಲಿದೆ. ಯೆರೆಮೀಯ ಹೇಳಿದ್ದು 70 ವರ್ಷ. ಅಲ್ಲಿಯವರೆಗೆ ಏನು ಮಾಡಬೇಕಂತೆ? ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ. ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷ ಕಾಯಬೇಕು ಅಂತ ನಿಮ್ಮ ಮನೆಯವರಿಗೆ ನಾನು ಹೇಳಬೇಕಿಲ್ಲ. ಆ ವಚನ ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಒಮ್ಮೆ ಓದಿಸಿ.

ಇಷ್ಟರ ಮಧ್ಯೆ ತೋಟ ಕಾಯುವುದಿಲ್ಲ. ಮಳೆ ಎರಡು ದಿನ ಬಿಡುವು ಕೊಟ್ಟ ತಕ್ಷಣ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನನ್ನು ನೀವೇ ಕರೆಸಿ, ಮೈಲುತುತ್ತ, ಸುಣ್ಣ ತರಿಸಿ ಬೋರ್ಡೋ ದ್ರಾವಣ ಹೊಡೆಸಿ. ಉದುರಿದ ಕಾಯಿ ಹೆಕ್ಕಿ ತೋಟದಿಂದ ಆಚೆ ಹಾಕಿಸಿ. ಸೊಸೈಟಿ ಕಾರ್ಯದರ್ಶಿಯನ್ನು ಕಂಡು ಸಾಲದ ಕಂತು ಎಷ್ಟು, ಯಾವಾಗ ಅಂತ ಕೇಳಿಕೊಂಡು ಬನ್ನಿ. ಮಗಳ ಫೀಸು ಕಟ್ಟಿ. ಜಮೀನು ಮಾರುವ ಮಾತು ಬಂದರೆ ಅವರ ಅಣ್ಣತಮ್ಮಂದಿರನ್ನು, ನಿಮ್ಮ ಸಭೆಯ ಅಯ್ಯನವರನ್ನು ಮನೆಗೆ ಕರೆಸಿ ಕೂತು ಮಾತಾಡಿ. ನಿಮ್ಮ ಮನೆಯವರು ನಿದ್ದೆ, ಊಟ ಬಿಟ್ಟಿದ್ದರೆ ಡಾಕ್ಟರಿಗೂ ತೋರಿಸಿ, ಅದರಲ್ಲಿ ಅವಮಾನ ಏನೂ ಇಲ್ಲ. ಗೊತ್ತು ಮಾಡಿದ ತಾರೀಖು ಕಳೆದ ಮೇಲೆ ಅವರು ತುಂಬಾ ಕುಗ್ಗಿ ಹೋಗಬಹುದು. ಆಗ ನಾನು ಹೇಳಿರಲಿಲ್ವಾ ಅನ್ನಬೇಡಿ. ಪಕ್ಕದಲ್ಲಿರಿ.

ಪ್ರಶ್ನೆ: ಆಧಾರ್, ಕ್ಯೂಆರ್ ಕೋಡ್ ಇವೆಲ್ಲ 666, ಮೃಗದ ಗುರುತು ಅಂತ ನಮ್ಮ ಗೆಳೆಯರ ಗುಂಪಿನಲ್ಲಿ ಹೇಳುತ್ತಾರೆ. ಕೊಳ್ಳಲೂ ಮಾರಲೂ ಆಗದಂತೆ ಮಾಡುತ್ತಾರೆ ಅಂತ ಬೈಬಲಿನಲ್ಲೇ ಇದೆಯಲ್ಲ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಇದೆಯಪ್ಪ, ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 13ನೇ ಅಧ್ಯಾಯದಲ್ಲಿ. ಕೈ ಮೇಲೋ ಹಣೆಯ ಮೇಲೋ ಮೃಗದ ಗುರುತು ಇಲ್ಲದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಆ ಮೃಗದ ಅಂಕಿ 666 ಅಂತಿದೆ. ಆದರೆ ಅದು ಪತ್ರ, ಅದಕ್ಕೊಂದು ವಿಳಾಸ ಇದೆ. ಯೋಹಾನ ಪತ್ಮೊಸ್ ದ್ವೀಪದಲ್ಲಿದ್ದಾಗ ಏಳು ಸಭೆಗಳಿಗೆ ಬರೆದದ್ದು. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಎಲ್ಲವೂ ಇವತ್ತಿನ ಟರ್ಕಿಯಲ್ಲಿದ್ದ ನಿಜವಾದ ಊರುಗಳು. ಅಲ್ಲಿ ರೋಮ್ ಚಕ್ರವರ್ತಿಗೆ ಗುಡಿ ಕಟ್ಟಿ ಪೂಜೆ ಮಾಡುತ್ತಿದ್ದರು. ಮಾಡದವರಿಗೆ ಕಷ್ಟ ಇತ್ತು. ಪೆರ್ಗಮದಲ್ಲಿ ಅಂತಿಪ ಅನ್ನುವವನನ್ನು ಕೊಂದರು ಅಂತ ಪತ್ರದಲ್ಲೇ ಇದೆ. ಆ ಜನ ಅರ್ಥ ಮಾಡಿಕೊಳ್ಳಲಿ ಅಂತಲೇ ಬರೆದ ಪತ್ರದಲ್ಲಿ ಎರಡು ಸಾವಿರ ವರ್ಷ ಆಚೆಯ ಕ್ಯೂಆರ್ ಕೋಡ್ ಇಟ್ಟಿದ್ದರೆ ಅವರಿಗೇನು ಪ್ರಯೋಜನ ಆಗುತ್ತಿತ್ತು?

666ಕ್ಕೆ ಬಹಳ ಪಂಡಿತರು ಒಪ್ಪುವ ವಿವರಣೆ ರೋಮಿನ ನೀರೋ ಚಕ್ರವರ್ತಿಯದು. ಹೀಬ್ರೂ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. ನಮ್ಮಲ್ಲಿ ಅಕ್ಷರಕ್ಕೆ ಅಂಕಿ ಹಿಡಿಯುವ ಕಟಪಯಾದಿ ಇಲ್ವಾ, ಸಂಗೀತ ಕಲಿತವರನ್ನು ಕೇಳಿ, ಧೀರಶಂಕರಾಭರಣ ರಾಗ ಅಂದರೆ ಧಕ್ಕೆ 9, ರಕ್ಕೆ 2, ತಿರುಗಿಸಿದರೆ 29ನೇ ಮೇಳ ಅಂತ ಹೇಳುತ್ತಾರೆ. ಹಾಗೇ ‘ನೆರೋನ್ ಕೈಸರ್’ ಅಂತ ಹೀಬ್ರೂ ಅಕ್ಷರದಲ್ಲಿ ಬರೆದು ಕೂಡಿಸಿದರೆ 666 ಬರುತ್ತದೆ. ಕೊನೆಯ ‘ನ್’ ಬಿಟ್ಟು ‘ನೆರೋ’ ಅಂತ ಬರೆದರೆ 50 ಕಡಿಮೆಯಾಗಿ 616. ಪ್ರಕಟನೆಯ ಕೆಲವು ಹಳೆಯ ಪ್ರತಿಗಳಲ್ಲಿ ನಿಜವಾಗಿಯೂ 616 ಅಂತಲೇ ಇದೆ! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಇನ್ನು ಕೈ ಮೇಲೆ, ಹಣೆಯ ಮೇಲೆ ಗುರುತು ಅನ್ನುವುದು. ಧರ್ಮೋಪದೇಶಕಾಂಡ 6ರಲ್ಲಿ ದೇವರ ಮಾತನ್ನು ಕೈಗೆ ಕಟ್ಟಿಕೊಳ್ಳಿ, ಹಣೆಯ ಮೇಲೆ ಇಟ್ಟುಕೊಳ್ಳಿ ಅಂತಿದೆ. ಪ್ರಕಟನೆ 14ರ ಮೊದಲ ವಚನದಲ್ಲೇ ಕುರಿಮರಿಯ, ಅಂದರೆ ಯೇಸುವಿನ ಹೆಸರು ಭಕ್ತರ ಹಣೆಯ ಮೇಲಿದೆ. ಅಂದರೆ ನೀನು ಯಾರವನು, ಯಾರಿಗೆ ತಲೆಬಾಗುತ್ತೀಯ ಅನ್ನುವ ಪ್ರಶ್ನೆ ಅದು. ರೇಷನ್ ತರಲು ಬೆರಳಚ್ಚು ಕೊಟ್ಟ ಅಜ್ಜಿ ಯಾರಿಗೂ ಅಡ್ಡಬಿದ್ದಿಲ್ಲ. ಅವಳನ್ನು ಹೆದರಿಸಬೇಡಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಇದು ನಮ್ಮ ಮೈಲಾರದ ಕಾರಣಿಕದ ಹಾಗೇನಾ? ಭೂಕಂಪ, ರೋಗ, ನೆರೆ ಎಲ್ಲ ಗುರುತು ಅಂತೀರಲ್ಲ? (ತೀರ್ಥಹಳ್ಳಿ)

ಉತ್ತರ: ಒಳ್ಳೆಯ ಪ್ರಶ್ನೆ. ಒಂದು ವಿಷಯದಲ್ಲಿ ಹಾಗೇ. ಕಾರಣಿಕದ ಒಂದು ಸಾಲನ್ನು ಒಬ್ಬರು ಮಳೆಗೆ ಹಚ್ಚುತ್ತಾರೆ, ಇನ್ನೊಬ್ಬರು ರಾಜಕೀಯಕ್ಕೆ. ಪ್ರಕಟನೆಯ ಮೃಗ, ಘಟಸರ್ಪಗಳಿಗೂ ಪ್ರತಿ ಕಾಲದವರು ತಮ್ಮ ಶತ್ರುವಿನ ಮುಖ ಹಚ್ಚಿದ್ದಾರೆ. ಆದರೆ ಬೈಬಲಿನಲ್ಲಿ ಪ್ರವಾದಿಯ ಮುಖ್ಯ ಕೆಲಸ ಮುಂದಿನದು ಹೇಳುವುದಲ್ಲ. ಬಡವರ ಕಂಬಳಿಯನ್ನೂ ಅಡವಿಟ್ಟುಕೊಳ್ಳುವ ನಿಮ್ಮ ಹಬ್ಬ ನನಗೆ ಬೇಡ ಅಂತ ದೇವರ ಪರವಾಗಿ ಜನರ ಮುಖಕ್ಕೇ ಹೇಳುವುದು. ಆಮೋಸನ ಪುಸ್ತಕ ಚಿಕ್ಕದು, ಸಿಕ್ಕರೆ ಓದಿ.

ಗುರುತುಗಳ ವಿಷಯ. 2021ರ ಜನವರಿ 21ರ ರಾತ್ರಿ ಹತ್ತು ಗಂಟೆ ದಾಟಿತ್ತು, ಶಿವಮೊಗ್ಗದಲ್ಲಿ ಕಿಟಕಿ ಬಾಗಿಲೆಲ್ಲ ಅದುರಿದವು. ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿ ಬಂದರು. ನಾನೂ ಬಂದೆ. ಭೂಕಂಪ ಅಂದುಕೊಂಡೆವು. ನಮ್ಮ ಬೀದಿಯಲ್ಲೇ ಒಬ್ಬರು ಮತ್ತಾಯ 24 ಅಂತ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದರು. ಅದು ಹುಣಸೋಡಿನ ಕಲ್ಲು ಕ್ವಾರಿ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದದ್ದು. ಕೂಲಿಗೆ ಬಂದ ಬಡವರು ಸತ್ತರು. ಅದನ್ನು ಆಕಾಶದ ಗುರುತು ಅಂತ ಬಿಟ್ಟಿದ್ದರೆ ಆ ಲಾರಿ ಅಲ್ಲಿಗೆ ಹೇಗೆ ಬಂತು ಅಂತ ಯಾರೂ ಕೇಳುತ್ತಿರಲಿಲ್ಲ. ಮಂಗನ ಕಾಯಿಲೆಯೂ ಹಾಗೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾಯಿತು, ಉಣ್ಣೆ ಅನ್ನುವ ರಕ್ತ ಹೀರುವ ಹುಳದಿಂದ ಹರಡುತ್ತದೆ. ಕಾಡಿಗೆ ಹೋಗುವ ಮುಂಚೆ ಉಣ್ಣೆ ಹತ್ತದಂತೆ ತಡೆಯುವ ಎಣ್ಣೆ ಮೈಗೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಲ್ಲಿ ಮೀಯಬೇಕು. ಯುದ್ಧ, ಬರ, ಭೂಕಂಪ ಎಲ್ಲ ಹೇಳಿದ ಯೇಸುವೇ ಕಳವಳಪಡಬೇಡಿ, ಇದಿನ್ನೂ ಕೊನೆಯಲ್ಲ, ಪ್ರಸವವೇದನೆಯ ಶುರು ಅಷ್ಟೇ ಅಂದಿದ್ದಾನೆ.

ಒಂದು ಮಾತು ಸೇರಿಸಲೇಬೇಕು. ಅದೇ ಮತ್ತಾಯ 24ನೇ ಅಧ್ಯಾಯದ ಮೊದಲಿಗೆ ಯೆರೂಸಲೇಮಿನ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ ಬರುತ್ತದೆ. ಕ್ರಿ.ಶ. 70ರಲ್ಲಿ ರೋಮನರು ಅದನ್ನು ನೆಲಸಮ ಮಾಡಿದರು. ಆ ಜನಕ್ಕೆ ಲೋಕ ಅವತ್ತೇ ಮುಗಿದಿತ್ತು. ನಮ್ಮ ಕಡೆ ಶರಾವತಿ ಮುಳುಗಡೆಯವರನ್ನು ಮಾತಾಡಿಸಿದರೆ ಇದು ಚೆನ್ನಾಗಿ ತಿಳಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಮನೆ, ಗದ್ದೆ, ದೇವಸ್ಥಾನ ಎಲ್ಲ ನೀರಿನೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಡೇನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ, ನೋಡಲು ಹೋದ ಹಿರಿಯರು ಮಾತೇ ಆಡುವುದಿಲ್ಲ. ಪ್ರಕಟನೆ ಅಂಥವರಿಗೆ ಬರೆದ ಪುಸ್ತಕ ಅಂತ ಹಿಡಿದು ಓದಿ, ಅದರ ದನಿಯೇ ಬೇರೆ ಕೇಳಿಸುತ್ತದೆ.

ಪ್ರಶ್ನೆ: ರ‍್ಯಾಪ್ಚರ್ ಬೈಬಲಿನಲ್ಲಿ ಇದೆಯಾ? ಸಂಡೇ ಸ್ಕೂಲಿನಲ್ಲಿ ಅದರ ಚಿತ್ರ ತೋರಿಸಿದ ಮೇಲೆ ನನ್ನ ಒಂಬತ್ತು ವರ್ಷದ ಮಗ ರಾತ್ರಿ ಎದ್ದು ನಾನು ಹಾಸಿಗೆಯಲ್ಲಿ ಇದ್ದೀನಾ ಅಂತ ಮುಟ್ಟಿ ನೋಡುತ್ತಾನೆ. (ಭದ್ರಾವತಿ)

ಉತ್ತರ: ರ‍್ಯಾಪ್ಚರ್ ಅಂದರೆ ನಂಬುವವರು ಮೇಲಕ್ಕೆ ಎತ್ತಲ್ಪಡುವುದು. ಮೇಘಗಳಲ್ಲಿ ಎತ್ತಲ್ಪಟ್ಟು ಕರ್ತನನ್ನು ಎದುರುಗೊಳ್ಳುವುದು 1 ಥೆಸಲೋನಿಕ 4ರಲ್ಲಿದೆ. ಆದರೆ ನಂಬುವವರು ಗುಟ್ಟಾಗಿ ಮಾಯವಾಗುತ್ತಾರೆ, ಉಳಿದವರು ಏಳು ವರ್ಷ ನರಳುತ್ತಾರೆ ಅನ್ನುವ ಚಿತ್ರ ಹರಡಿದ್ದು 1830ರ ಈಚೆಗೆ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರಿಂದ. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಎದುರುಗೊಳ್ಳುವುದು ಅನ್ನುವುದಕ್ಕೆ ಇರುವ ಗ್ರೀಕ್ ಪದವನ್ನು, ಊರಿಗೆ ದೊಡ್ಡವರು ಬಂದಾಗ ಜನ ಹೊರಗೆ ಹೋಗಿ ಸ್ವಾಗತಿಸಿ ಒಳಗೆ ಕರೆತರುವುದಕ್ಕೂ ಬಳಸುತ್ತಿದ್ದರು. ಊರಬಾಗಿಲಿಗೆ ಹೋಗಿ ಕರೆತರುತ್ತೇವಲ್ಲ, ಹಾಗೆ. ಪೌಲ ಅದನ್ನು ಬರೆದದ್ದು ತಮ್ಮವರನ್ನು ಕಳೆದುಕೊಂಡು ಅಳುತ್ತಿದ್ದವರಿಗೆ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿಕೊಳ್ಳಿ ಅಂತ ಮುಗಿಸುತ್ತಾನೆ.

ಮಗುವಿಗೆ ಇಷ್ಟೆಲ್ಲ ಬೇಡ. ಕೆಲವು ದಿನ ನಿಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳಿ. ಅಮ್ಮನನ್ನು ಮಗನಿಂದ ಕಿತ್ತುಕೊಂಡು ಹೋಗುವವನಲ್ಲ ಯೇಸು, ಮಕ್ಕಳನ್ನು ತಡೆಯಬೇಡಿ ಅಂದವನು ಅಂತ ಹೇಳಿ. ಆ ಚಿತ್ರ ತೋರಿಸಿದ ಸಂಡೇ ಸ್ಕೂಲ್ ಟೀಚರ್ ಹತ್ತಿರವೂ ಸಮಾಧಾನವಾಗಿ ಮಾತಾಡಿ. ನಾನೂ ವಯಸ್ಸಿನ ಹುರುಪಿನಲ್ಲಿ ಒಮ್ಮೆ ಅಂಥ ಪಾಠ ಮಾಡಿದ್ದೆ, ಒಬ್ಬ ಹುಡುಗಿ ಅತ್ತಿದ್ದು ಇನ್ನೂ ನೆನಪಿದೆ.

ಪ್ರಶ್ನೆ: ಪ್ರಕಟನೆ ಓದಲು ಹೆದರಿಕೆ. ಎಲ್ಲಿಂದ ಶುರು ಮಾಡಲಿ? (ಸಾಗರ)

ಉತ್ತರ: 2 ಮತ್ತು 3ನೇ ಅಧ್ಯಾಯದಿಂದ, ಏಳು ಪತ್ರಗಳು ಅಲ್ಲಿವೆ. ಆಮೇಲೆ ನೇರ 21ಕ್ಕೆ ಹೋಗಿ. ಅಲ್ಲಿ ಯಾರೂ ಭೂಮಿ ಬಿಟ್ಟು ಹಾರಿಹೋಗುವುದಿಲ್ಲ, ಪಟ್ಟಣವೇ ಪರಲೋಕದಿಂದ ಕೆಳಗೆ ಇಳಿದು ಬರುತ್ತದೆ, ದೇವರು ಜನರ ಕಣ್ಣೀರು ಒರೆಸುತ್ತಾನೆ. 22ರಲ್ಲಿ ಒಂದು ಮರ ಇದೆ, ಅದರ ಎಲೆ ಜನಾಂಗಗಳಿಗೆ ಔಷಧಿ. ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ವಾಪಸ್ ಬಂದು 4ರಿಂದ ಓದಿ. ಗಟ್ಟಿಯಾಗಿ ಓದಿ, ಜೊತೆಗೆ ಯಾರಾದರೂ ಕೂತು ಕೇಳಲಿ, ಮೊದಲನೇ ಅಧ್ಯಾಯದ 3ನೇ ವಚನ ಹಾಗೇ ಓದಲು ಹೇಳುತ್ತದೆ. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಮುಂದೆ ಹೋಗಿ. ಮುಗಿದ ಮೇಲೆ ಆ ಗುರುತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸಿ.