ಕೀಮೋ ನಡೆಯುವಾಗ ತೊಗಟೆ ಕಷಾಯ: ಶಿರಸಿ ಕಡೆಯ ಒಂದು ಪ್ರಕರಣ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಶಿರಸಿ ಕಡೆಯ ಅಡಿಕೆ ತೋಟದ ಮನೆ. ತಾಯಿಗೆ ಅರವತ್ತು ದಾಟಿದೆ, ದೊಡ್ಡ ಕರುಳಿನ ಕ್ಯಾನ್ಸರ್. ಹುಬ್ಬಳ್ಳಿಗೆ ಹೋಗಿ ಇರಿನೋಟೆಕಾನ್ ಅನ್ನುವ ಕೀಮೋ ಔಷಧಿ ಹಾಕಿಸಿಕೊಂಡು ಬರುತ್ತಾರೆ. ಮಗ ಬಂದು ಕೇಳಿದ್ದು ಇಷ್ಟೇ: "ಈ ಔಷಧಿ ಡಿಎನ್‌ಎ ಹಾಳು ಮಾಡ್ತದೆ ಅಂತ ಯಾರೋ ಹೇಳಿದಾರೆ. ಅವತ್ತಿಂದ ಆಯಿ ಮೊಮ್ಮಗನ್ನ ಹತ್ತಿರಕ್ಕೇ ಸೇರಿಸ್ತಾ ಇಲ್ಲ. ಮಗುವಿಗೂ ತಾಗ್ತದಾ?"

ಮಾತಾಡ್ತಾ ಇನ್ನೊಂದು ವಿಷಯ ಹೊರಬಿತ್ತು. ಮನೇಲಿ ದುರ್ವಾಸನೆ ಮರದ ತೊಗಟೆ ಕುದಿಸಿ ದಿನಾ ಬೆಳಿಗ್ಗೆ ಅರ್ಧ ಲೋಟ ಕಷಾಯ ಕೊಡುತ್ತಿದ್ದರು. ಎರಡು ದಿನದಿಂದ ವಿಪರೀತ ಭೇದಿ, ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತಂತೆ. ಆದರೆ ಆಸ್ಪತ್ರೆಗೆ ಹೇಳಿರಲಿಲ್ಲ. ಒಳಗಿನ ವಿಷ ಹೊರಗೆ ಹೋಗ್ತಾ ಇದೆ ಅಂದುಕೊಂಡಿದ್ದರು.

ನನಗೆ ಗಾಬರಿಯಾದದ್ದು ಇದಕ್ಕೆ.

ಆ ಮರದಲ್ಲಿ ಕ್ಯಾನ್ಸರ್ ಔಷಧಿ ಇದೆ ಅನ್ನುವ ಸುದ್ದಿ ಸುಳ್ಳಲ್ಲ. ನಮ್ಮ ಘಟ್ಟದ ಆ ಮರದಲ್ಲಿ ಕ್ಯಾಂಪ್ಟೋಥೆಸಿನ್ ಅನ್ನುವ, ಕ್ಯಾನ್ಸರ್ ಕೋಶ ಕೊಲ್ಲುವ ವಸ್ತು ಇದೆ. 1966ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅನ್ನುವ ವಿಜ್ಞಾನಿಗಳು ಅದನ್ನು ಚೀನಾದ ಬೇರೊಂದು ಮರದಿಂದ ಬೇರ್ಪಡಿಸಿದರು. ಅದನ್ನೇ ಮಾರ್ಪಡಿಸಿ ಇರಿನೋಟೆಕಾನ್ ಮಾಡಿದ್ದು. ಜೀವಕೋಶ ಎರಡಾಗುವಾಗ ಡಿಎನ್‌ಎ ಎಳೆ ಹಗ್ಗದ ಹಾಗೆ ಹುರಿಗೊಳ್ಳುತ್ತದೆ. ಟೋಪೋಐಸೋಮರೇಸ್ ಅನ್ನುವ ಕಿಣ್ವ ಒಂದು ಎಳೆ ಕತ್ತರಿಸಿ, ಹುರಿ ಬಿಡಿಸಿ, ಮತ್ತೆ ಜೋಡಿಸುತ್ತದೆ. ಈ ಔಷಧಿ ಆ ಜೋಡಣೆಯನ್ನೇ ತಡೆಯುತ್ತದೆ, ಕತ್ತರಿಸಿದ್ದು ಹಾಗೇ ಉಳಿದು ಕೋಶ ಸಾಯುತ್ತದೆ. ಅಂದರೆ ಡಿಎನ್‌ಎ ಮುರಿಯುವುದೇ ಚಿಕಿತ್ಸೆ. ತೊಂದರೆ ಏನಂದ್ರೆ, ಕರುಳಿನ ಒಳಪದರ, ಕೂದಲ ಬೇರು, ರಕ್ತ ತಯಾರಾಗುವ ಮಜ್ಜೆ ಕೂಡ ಬೇಗ ಬೇಗ ಬೆಳೆಯುವಂಥವೇ, ಅವಕ್ಕೂ ಪೆಟ್ಟು ಬೀಳುತ್ತದೆ. ಇದರ ಮೇಲೆ ಎಷ್ಟು ಅಂಶ ಇದೆ ಅಂತಲೇ ಗೊತ್ತಿಲ್ಲದ ಕಷಾಯ ಬೇರೆ!

ನಾನು ಹೇಳಿದ್ದು: ಕಷಾಯ ಇವತ್ತೇ ನಿಲ್ಲಿಸಿ. ಭೇದಿಯನ್ನು ತಡ್ಕೊಂಡು ಕೂರಬೇಡಿ, ಇರಿನೋಟೆಕಾನ್‌ನಿಂದ ಆಗುವ ಭೇದಿ ಜೀವಕ್ಕೇ ಅಪಾಯ ತರಬಹುದು. ಭೇದಿ ನಿಲ್ಲಿಸುವ ಲೋಪರಮೈಡ್ ಮಾತ್ರೆ ಮನೇಲಿ ಇರಲಿ, ಇರಿನೋಟೆಕಾನ್‌ನ ಭೇದಿಗೆ ಡಾಕ್ಟರ್ ಬರೆಯುವ ಅದರ ಪ್ರಮಾಣ ಮಾಮೂಲಿಗಿಂತ ಜಾಸ್ತಿ ಇರುತ್ತದೆ, ಅವರು ಬರೆದಷ್ಟೇ ಕೊಡಿ. ಓಆರ್‌ಎಸ್, ಉಪ್ಪು ಹಾಕಿದ ಗಂಜಿ ಕುಡಿಸ್ತಾ ಇರಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ರಾತ್ರಿಯೇ ಆಗಲಿ, ಹೊರಡಿ. ಘಟ್ಟದ ರಸ್ತೆಯಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ನಿಮಗೇ ಗೊತ್ತಲ್ವಾ?

ಮಗುವಿನ ವಿಷಯಕ್ಕೆ ಬಂದರೆ, ಎತ್ತಿಕೊಂಡರೆ, ಮುದ್ದು ಮಾಡಿದರೆ ಏನೂ ತಾಗುವುದಿಲ್ಲ. ಕೀಮೋ ಆದ ಎರಡು ದಿನ ಮಲ, ಮೂತ್ರ, ವಾಂತಿ ಬಳಿಯುವವರು ಗ್ಲೌಸ್ ಹಾಕಿಕೊಳ್ಳಲಿ. ಮಗುವಿಗೇ ಜ್ವರ, ನೆಗಡಿ ಇದ್ದರೆ ಮಾತ್ರ ಆಯಿಯಿಂದ ದೂರ ಇಡಿ, ಯಾಕಂದ್ರೆ ಈಗ ಸೋಂಕಿನ ಭಯ ಅವರಿಗೇ ಜಾಸ್ತಿ.

ಡಾಕ್ಟರ್ ಬೈತಾರೆ ಅನ್ನುವ ಅಳುಕು ಮಗನಿಗೆ. ನನ್ನೆದುರೇ ಕೂತು ಫೋನ್ ಮಾಡಿಸಿದೆ, ಕಷಾಯದ ವಿಷಯವನ್ನೂ ಹೇಳಿಸಿದೆ. ಅದೇ ದಿನ ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕಿದರು. ಮುಂದಿನ ಸಲ ಡೋಸ್ ಕಡಿಮೆ ಮಾಡಿ ಕೀಮೋ ಮುಂದುವರಿಸಿದ್ದಾರೆ.