ಹುಣ್ಣಿಮೆ ಸಂಜೆ ಕಾರವಾರದಲ್ಲಿ ಸಮುದ್ರ ಉಕ್ಕಲಿಲ್ಲ, ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಹುಣ್ಣಿಮೆ ದಿನ ಚಂದ್ರ ಹುಟ್ಟುವಾಗ ಸಮುದ್ರ ಉಕ್ಕುತ್ತದೆ ಅಂತ ಹೇಳಿ ಮಕ್ಕಳನ್ನು ಕಾರವಾರದ ಟಾಗೋರ್ ಬೀಚಿಗೆ ಕರೆದುಕೊಂಡು ಹೋದಿರಿ. ನೋಡಿದರೆ ನೀರು ದೂರ ಸರಿದು ಬರೀ ಮರಳು. ಹಾಗಾದರೆ ಚಂದ್ರನಿಗೂ ಉಬ್ಬರಕ್ಕೂ ನಿಜವಾಗಿ ಸಂಬಂಧ ಇದೆಯಾ? ಇದ್ದರೆ ದಿನಕ್ಕೆ ಎರಡು ಸಲ ಯಾಕೆ? ನಿಮ್ಮೂರ ಕೆರೆಯಲ್ಲಿ ಯಾಕಿಲ್ಲ?

ಸಂಬಂಧ ಇದೆ. ನೀವು ನೋಡಿದ್ದೂ ಸರಿಯೇ. ಉಬ್ಬರಕ್ಕೆ ನಾವು ಭರತ ಅನ್ನುತ್ತೇವೆ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಭರತ ಬರುವುದು ಹೆಚ್ಚುಕಡಿಮೆ ಮಧ್ಯಾಹ್ನದ ಹತ್ತಿರ ಮತ್ತು ಮಧ್ಯರಾತ್ರಿಯ ಹತ್ತಿರ. ಬೆಳಗ್ಗೆ, ಸಂಜೆ ಐದಾರು ಗಂಟೆಗೆ ಇಳಿತ. ಹುಣ್ಣಿಮೆ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ. ಹಾಗಾಗಿ ನಿಮ್ಮ ಬೆನ್ನ ಹಿಂದೆ ಘಟ್ಟದ ಮೇಲೆ ಚಂದ್ರ ಮೂಡುವಾಗ ಎದುರಿಗೆ ಸಮುದ್ರ ಚೆನ್ನಾಗಿ ಇಳಿದಿರುತ್ತದೆ. ಊಟ ಮುಗಿಸಿ ಹನ್ನೊಂದಕ್ಕೆ ಮತ್ತೆ ಹೋಗಿದ್ದರೆ ಮಕ್ಕಳ ಮುಂದೆ ಮರ್ಯಾದೆ ಉಳಿಯುತ್ತಿತ್ತು.

ನಾನು ಕುಮಟಾ ತಾಲೂಕಿನವನು, ಅಘನಾಶಿನಿ ಹೊಳೆ ಅಂಚಿನ ಮನೆ. ಇಲ್ಲಿ ಇಳಿತ ನೋಡಿಕೊಂಡೇ ಬಳಚು, ಅಂದರೆ ಕೆಸರಲ್ಲಿ ಸಿಗುವ ತಿನ್ನುವ ಚಿಪ್ಪು, ತೆಗೆಯಲು ಹೋಗುವುದು. ಗಜನಿ, ಅಂದರೆ ಉಪ್ಪುನೀರು ನುಗ್ಗುವ ಹೊಳೆ ಅಂಚಿನ ಗದ್ದೆಯ ತೂಬು ತೆಗೆಯುವುದು, ಹಾಕುವುದೂ ಅದನ್ನೇ ನೋಡಿ. ಆದರೂ ನಾನು ಒಮ್ಮೆ ಪೆಟ್ಟು ತಿಂದೆ. ಹನ್ನೆರಡು ವರ್ಷ ಇರಬಹುದು, ಬೇಸಿಗೆ ರಜೆ. ತ್ರಯೋದಶಿ ದಿನ ನಾಲ್ಕು ಗಂಟೆಗೆ ದೊಡ್ಡಪ್ಪನ ಮಗನ ಜೊತೆ ಪಾತಿ ದೋಣಿಯಲ್ಲಿ ಹೊಳೆ ನಡುವಿನ ದಿಬ್ಬಕ್ಕೆ ಹೋಗಿ ಒಂದು ಬುಟ್ಟಿ ಬಳಚು ತಂದಿದ್ದೆ. ಆರಕ್ಕೆಲ್ಲ ನೀರು ಬಂದು ದೋಣಿ ತಾನೇ ತೇಲಿತ್ತು. ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಹೋದೆವು. ನೀರು ಇನ್ನೂ ಇಳಿಯುತ್ತಲೇ ಇತ್ತು. ಕಾಯ್ದೆವು, ಬಳಚು ಆರಿಸಿದೆವು, ತಿರುಗಿ ನೋಡಿದರೆ ದೋಣಿ ಕೆಸರಲ್ಲಿ ಕೂತಿದೆ. ತಳ್ಳಿದರೆ ಮೊಣಕಾಲಿನವರೆಗೆ ನಾವೇ ಹೂತುಹೋಗುತ್ತಿದ್ದೆವು. ಕತ್ತಲಾಯಿತು. ಎಂಟರ ಮೇಲೆ ಚಂದ್ರ ಬಂದ. ಅವನ ಬೆಳಕಲ್ಲಿ ಕೆಸರಿನ ಸಣ್ಣ ಸಣ್ಣ ಗೆರೆಗಳಲ್ಲಿ ನೀರು ಹೊಳೆಯುತ್ತ ಒಳಗೆ ಬರುವುದು ಕಾಣಿಸಿತು. ಮನೆ ಮುಟ್ಟುವಾಗ ಒಂಬತ್ತೂವರೆ. ಆಯಿ ಬಾಗಿಲಲ್ಲೇ ನಿಂತಿದ್ದರು. ಅಜ್ಜ ಮಾತ್ರ ಸಿಟ್ಟಾಗಲಿಲ್ಲ. "ತಿಥಿಗೆ ಎರಡು ಘಳಿಗೆ ಹಿಂದೆ ಬೀಳ್ತದೆ, ಅಷ್ಟೂ ಗೊತ್ತಿಲ್ವನೋ" ಅಂದರು.

ಒಂದು ಘಳಿಗೆ ಅಂದರೆ 24 ನಿಮಿಷ. ಎರಡಕ್ಕೆ 48. ಭರತ, ಇಳಿತ ದಿನಕ್ಕೆ ಅಷ್ಟು ತಡವಾಗುತ್ತ ಹೋಗುತ್ತದೆ ಅಂತ ಅಜ್ಜನ ಮಾತಿನ ಅರ್ಥ. ಪುಸ್ತಕದ ಲೆಕ್ಕ ಸುಮಾರು 50 ನಿಮಿಷ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನು ಮತ್ತೆ ನೆತ್ತಿಗೆ ಬರಲು 24 ಗಂಟೆ 50 ನಿಮಿಷ ಬೇಕು. ಅದರಲ್ಲಿ ಅರ್ಧ, 12 ಗಂಟೆ 25 ನಿಮಿಷಕ್ಕೊಮ್ಮೆ ಭರತ. ನಾಲ್ಕು ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ನಾವು ಕೆಸರಲ್ಲಿ ಕೂತಿದ್ದು ಇದೇ ಲೆಕ್ಕ ತಪ್ಪಿ.

ಈಗ ಎರಡು ಸಲ ಯಾಕೆ ಅನ್ನುವುದಕ್ಕೆ ಬರುತ್ತೇನೆ. ಚಂದ್ರ ನೀರನ್ನು ಮೇಲಕ್ಕೆ ಎಳೆಯುತ್ತಾನೆ ಅಂತ ಶಾಲೆಯಲ್ಲಿ ಹೇಳಿಬಿಡುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಎಳೆತ ಮುಖ್ಯ ಅಲ್ಲ, ಎಳೆತದಲ್ಲಿರುವ ವ್ಯತ್ಯಾಸ ಮುಖ್ಯ. ಹೊಳೆಯಲ್ಲಿ ಮೂರು ದೋಣಿ ಸಾಲಾಗಿ ಇಳಿಯುತ್ತಿವೆ ಅಂದುಕೊಳ್ಳಿ. ಮುಂದಿನದಕ್ಕೆ ಸೆಳವು ಜಾಸ್ತಿ, ನಡುವಿನದಕ್ಕೆ ಸಾಧಾರಣ, ಹಿಂದಿನದಕ್ಕೆ ಕಡಿಮೆ. ನೀವು ನಡುವಿನ ದೋಣಿಯಲ್ಲಿದ್ದೀರಿ. ಮುಂದಿನ ದೋಣಿ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ, ಹಿಂದಿನದು ಹಿಂದೆ ಉಳಿಯುತ್ತದೆ. ಮೂರೂ ಹೋಗುತ್ತಿರುವುದು ಒಂದೇ ದಿಕ್ಕಿಗೆ, ಆದರೆ ನಿಮಗೆ ಎರಡೂ ದೂರ ಸರಿದ ಹಾಗೆ ಕಾಣುತ್ತದೆ. ಚಂದ್ರನ ಕಡೆಗಿರುವ ಸಮುದ್ರ ಮುಂದಿನ ದೋಣಿ, ಭೂಮಿ ನಡುವಿನದು, ಆಚೆ ಬದಿಯ ಸಮುದ್ರ ಹಿಂದಿನದು. ಅದಕ್ಕೇ ಎರಡು ಬದಿಗೂ ಉಬ್ಬು. ಕೆರೆಯ ಈ ದಡಕ್ಕೂ ಆ ದಡಕ್ಕೂ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅಲ್ಲಿ ಭರತ ಕಾಣುವುದಿಲ್ಲ.

ಬರೀ ಎಳೆತದ ಮಾತಾದರೆ ಸೂರ್ಯನೇ ದೊಡ್ಡವನು. ಭೂಮಿಯನ್ನು ಅವನು ಚಂದ್ರನಿಗಿಂತ ಸುಮಾರು 180 ಪಟ್ಟು ಜೋರಾಗಿ ಎಳೆಯುತ್ತಾನೆ. ಆದರೆ ಅವನಿರುವುದು ಸುಮಾರು 390 ಪಟ್ಟು ದೂರ. ದೂರ ಎರಡರಷ್ಟಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ, ವ್ಯತ್ಯಾಸ ಮಾತ್ರ ಎಂಟನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಸೂರ್ಯನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತ ತುಸು ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗೆ ಇಬ್ಬರೂ ಭೂಮಿಯ ಜೊತೆ ಒಂದೇ ಗೆರೆಯಲ್ಲಿರುತ್ತಾರೆ, ಭರತ ದೊಡ್ಡದು. ಅಷ್ಟಮಿ ಆಸುಪಾಸು ಅಡ್ಡಡ್ಡ ಇರುತ್ತಾರೆ, ಭರತವೂ ಸಪ್ಪೆ.

ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಎರಡು ಉಬ್ಬಿನ ಚಿತ್ರ ಪೂರ್ತಿ ಸತ್ಯ ಅಲ್ಲ. 1687ರಲ್ಲಿ ನ್ಯೂಟನ್ ಕಾರಣ ಹೇಳಿದ್ದು ಸರಿ. ಅವನಿಗಿಂತ ಮೊದಲು ಗೆಲಿಲಿಯೊನಂಥವನೇ ಚಂದ್ರನ ಕೈವಾಡ ಒಪ್ಪದೆ ಎಡವಿದ್ದ. ಆದರೆ ನಾಲ್ಕು ಕಿಲೋಮೀಟರ್ ಆಳದ ಸಮುದ್ರದಲ್ಲಿ ಇಂಥ ಅಲೆ ಗಂಟೆಗೆ ಸುಮಾರು 700 ಕಿಲೋಮೀಟರ್ ಓಡಬಹುದು, ಸಮಭಾಜಕದಲ್ಲಿ ಭೂಮಿ ತಿರುಗುವುದು 1,670ರ ವೇಗದಲ್ಲಿ. ಉಬ್ಬು ಚಂದ್ರನ ಹಿಂದೆ ಓಡಿ ಮುಟ್ಟುವ ಮಾತೇ ಇಲ್ಲ. ನಡುವೆ ಖಂಡಗಳೂ ಅಡ್ಡ ಬರುತ್ತವೆ. ನೀರು ಹಂಡೆಯಲ್ಲಿ ತುಳುಕಿದ ಹಾಗೆ ತುಳುಕುತ್ತದೆ. ಅದಕ್ಕೇ ಪ್ರತಿ ಊರಿನ ಭರತಕ್ಕೆ ಅದರದ್ದೇ ಹೊತ್ತು, ಅದರದ್ದೇ ಎತ್ತರ. ಕಾರವಾರದಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ಎರಡು ಮೀಟರ್ ಆಸುಪಾಸು ವ್ಯತ್ಯಾಸ. ಗುಜರಾತಿನ ಖಂಭಾತ್ ಕೊಲ್ಲಿ ಒಳಗೆ ಹೋದಂತೆ ಕಿರಿದಾಗುವುದರಿಂದ ಅಲ್ಲಿ ಹತ್ತು ಮೀಟರ್ ಮುಟ್ಟುತ್ತದೆ.

ನೀವು ಕೇಳದೇ ಇರುವ ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಇಷ್ಟ. ಹೀಗೆ ನೀರು ತಳಕ್ಕೆ ಉಜ್ಜುತ್ತ ಹೋಗಿ ಬರುವುದರಿಂದ ಭೂಮಿಯ ತಿರುಗುವಿಕೆ ನಿಧಾನ ಆಗುತ್ತಿದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಅಂದಾಜಲ್ಲ, ಅಳೆದದ್ದು. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಬೆಳಕು ವಾಪಸ್ ಕಳಿಸುವ ಕನ್ನಡಿ ಇಟ್ಟು ಬಂದರು. ಇಲ್ಲಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿಗೆ ತಿರುಗಿ ಬರುತ್ತದೆ, ಆ ಸಮಯದಿಂದ ದೂರ ಸಿಗುತ್ತದೆ. 2023ರ ಆಗಸ್ಟ್ 23ಕ್ಕೆ ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೂ ನಾಸಾದ ಅಂಥದೇ ಪುಟ್ಟ ಸಾಧನ ಇದೆ, ಅಂಗೈಯಲ್ಲಿ ಹಿಡಿಯುವಷ್ಟು. ಸುಮಾರು 38 ಕೋಟಿ ವರ್ಷ ಹಳೆಯ ಹವಳಗಳಲ್ಲಿ ದಿನಕ್ಕೊಂದರಂತೆ ಮೂಡಿದ ಗೆರೆ ಎಣಿಸಿದರೆ, ಆಗ ಭೂಮಿ ಬೇಗ ತಿರುಗುತ್ತಿದ್ದು ವರ್ಷಕ್ಕೆ ಸುಮಾರು 400 ದಿನ ಇತ್ತೆಂದು ಗೊತ್ತಾಗುತ್ತದೆ. ನಮ್ಮ ದೋಣಿ ಹೂತಿದ್ದ ಆ ಕೆಸರಿನ ಮೇಲೆ ಉಜ್ಜಿದ ನೀರಿಗೂ ಈ ಕೆಲಸದಲ್ಲಿ ಒಂದು ಚೂರು ಪಾಲಿದೆ, ಅಲ್ವಾ.

ಮುಂದಿನ ಸಲ ಮಳೆಗಾಲ ಬಿಟ್ಟು ಬನ್ನಿ. ಹುಣ್ಣಿಮೆ ಸಂಜೆ ಆರಕ್ಕೆ ನೀರಿನ ಅಂಚಲ್ಲಿ ಮಕ್ಕಳ ಕೈಯಿಂದಲೇ ಒಂದು ಕೋಲು ನೆಡಿಸಿ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಹೋಗಿ, ಕೋಲು ಎಲ್ಲಿದೆ ಅಂತ ದಡದಿಂದಲೇ ಹುಡುಕಿ.