ವಿಜ್ಞಾನ ಕಥೆಗಾರ ಅಸಿಮೋವ್ ಅವರ ‘ಫೌಂಡೇಷನ್’ ಕಾದಂಬರಿಯಲ್ಲಿ ಭಾಗ ಬದಲಾದಂತೆ ಪಾತ್ರಗಳೂ ಬದಲಾಗುವುದೇಕೆ?

ಅದು ಕಾದಂಬರಿಯಾಗಿ ಹುಟ್ಟಿದ್ದೇ ಅಲ್ಲ, ಅದಕ್ಕೆ. 1942ರಿಂದ ‘ಅಸ್ಟೌಂಡಿಂಗ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದ ಕಥೆಗಳನ್ನು 1951ರಲ್ಲಿ ಪುಸ್ತಕ ಮಾಡಿದರು. ಆಗ ವಿಜ್ಞಾನ ಕಥೆಗೆ ಪತ್ರಿಕೆಯೇ ಮಾರುಕಟ್ಟೆ. ಅಲ್ಲಿನ ಪುಸ್ತಕ ಪ್ರಕಾಶಕರು ಹೆಚ್ಚಾಗಿ ಇತ್ತ ತಿರುಗಿದ್ದು ಎರಡನೇ ಮಹಾಯುದ್ಧದ ನಂತರ. ಹೊಸದು ಬರೆಸುವುದಕ್ಕಿಂತ ಅಚ್ಚಾದದ್ದನ್ನು ಪೋಣಿಸುವುದು ಸಲೀಸಲ್ಲವೇ? ಮೊದಲ ಭಾಗವನ್ನು ಮಾತ್ರ ಪುಸ್ತಕಕ್ಕೆಂದೇ ಬರೆದು ಮುಂದಕ್ಕೆ ಸೇರಿಸಿದರು. ಕಥೆಗೆಲ್ಲ ಮೂಲನಾದ ಗಣಿತಜ್ಞ ಹ್ಯಾರಿ ಸೆಲ್ಡನ್ ಬದುಕಿರುವುದು ಅಲ್ಲಷ್ಟೇ, ಗಮನಿಸಿ. (ತುಮಕೂರಿನಿಂದ ದಿನಾ ಬೆಂಗಳೂರಿಗೆ ರೈಲಲ್ಲಿ ಓಡಾಡುವ ನಮ್ಮಂಥವರಿಗೆ ಅನುಕೂಲವೇ: ಹೋಗುವಾಗ ಒಂದು ಭಾಗ, ಬರುವಾಗ ಒಂದು.) ಹಾಗಂತ ಬರೀ ಅಂಟಿಸಿದ್ದು ಅನ್ನಲಾಗದು. ಒಂದೇ ಕಥೆಯ ಹೊಳಹು ಹಿಡಿದು ಬಂದ ಅಸಿಮೋವ್‌ಗೆ ಇದನ್ನು ಸರಣಿಯಾಗಿಯೇ ಬರೆಯಿರಿ ಎಂದು ಪಟ್ಟು ಹಿಡಿದವರು ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್.